ಅಳಿಸಿಹೋದ ಪೆನ್ಸಿಲ್ ಅಕ್ಷರ

"ಅಳಿಸಿಬಿಟ್ರಾ?!"

ಅವಳ ದನಿಗೆ ಪುಸ್ತಕದ ಬೈಂಡರ್‌ನ ಕೈಯಲ್ಲಿದ್ದ ಗೋಂದಿನ ಬ್ರಷ್ ಅಲ್ಲೇ ನಿಂತಿತು.

ಎಂಬತ್ತು ವರ್ಷ ಹಳೆಯ, ಗೃಹಿಣಿಯರಿಗಾಗಿ ಅಚ್ಚಾದ ಕೈಪಿಡಿ ಅದು. ಮನೆ ಗುಡಿಸುವುದರಿಂದ ಹಿಡಿದು ಗಂಡನ ಕೋಪ ಇಳಿಸುವವರೆಗೆ ಉಪದೇಶವೋ ಉಪದೇಶ! ಪ್ರತಿ ಪುಟದ ಅಂಚಿನಲ್ಲೂ ಅವಳ ಅಮ್ಮ ಪೆನ್ಸಿಲಿನಲ್ಲಿ ಎದುರುತ್ತರ ಬರೆದಿಟ್ಟಿದ್ದಳು.

ಅಮ್ಮ ಹೋಗಿ ಏಳು ತಿಂಗಳು. ಒಂದೇ ಸಲ ಓದಿ ಮುಗಿಸಲು ಮನಸ್ಸು ಬಾರದೆ ಮಗಳು ಅರ್ಧ ಉಳಿಸಿಟ್ಟುಕೊಂಡಿದ್ದಳು. ಹೊಲಿಗೆ ಬಿಟ್ಟಿತೆಂದು ಬೈಂಡಿಂಗ್ ಮಾಡಿಸಲು ಕೊಟ್ಟಿದ್ದಳು. ಈಗ ಅಂಚುಗಳೆಲ್ಲ ಖಾಲಿ...

"ವ್ಯಾಪಾರಿಗಳು ಅಂಚು ಕ್ಲೀನ್ ಮಾಡಿ ಅಂತಲೇ ಕೊಡ್ತಾರೆ. ನೀವೂ ಮಾರೋಕೆ ತಂದಿದ್ದೀರಿ ಅಂದ್ಕೊಂಡೆ."

"ಒಂದು ಮಾತು ಕೇಳೋಕೆ ಬಾಯಿರಲಿಲ್ವಾ? ತೀರಿಹೋದ ನಮ್ಮಮ್ಮನ ಅಕ್ಷರ ಅದು!"

ಅವನು ತಲೆ ತಗ್ಗಿಸಿದ. ಆಮೇಲೆ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ.

"ಇಲ್ನೋಡಿ... ಅಮ್ಮ ಒತ್ತಿ ಬರೀತಿದ್ರು. ಗುರುತು ಉಳಿದಿದೆ. ಒಂದಕ್ಷರ ಬಿಡದೆ ಹುಡುಕಿ ಬರೆದುಕೊಡ್ತೀನಿ."

ನಂಬಿಕೆಯೇನೂ ಬರಲಿಲ್ಲ. ಆದರೂ ಪ್ರತಿ ಶನಿವಾರ ಹೋದಳು. ಅವನು ಭೂತಗನ್ನಡಿ ಹಿಡಿದು ಓದುತ್ತಿದ್ದ, ಅವಳು ತಿದ್ದುತ್ತಿದ್ದಳು.

"'ಗಂಡನು ಬರುವ ಹೊತ್ತಿಗೆ ಗೃಹಿಣಿಯು ನಗುಮೊಗದಿಂದ ಇರತಕ್ಕದ್ದು' ಅಂತ ಅಚ್ಚಾಗಿದೆ. ಪಕ್ಕದಲ್ಲಿ ಅಮ್ಮ, 'ಹೊತ್ತಿಗೆ ಸರಿಯಾಗಿ ಬಂದರಲ್ಲವೇ!'"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಅವಳ ಕಣ್ಣು ತುಂಬಿತು. ಅವನು ನೀರಿನ ಲೋಟ ಮುಂದಿಟ್ಟ.

ಆಮೇಲೆ ಕೊನೆಯ ಪುಟ ಬಂತು. ಮೂರು ಶನಿವಾರವೂ ಅವನದು ಒಂದೇ ಮಾತು: "ಇನ್ನೂ ಆಗಿಲ್ಲ."

ಅವಳಿಗೆ ಕೂತರೆ ನಿಂತರೆ ಸಮಾಧಾನವಿಲ್ಲ. ಫೋನ್ ಎತ್ತುವುದು, ಇಡುವುದು. ಮನೆಯಲ್ಲಿ ಜೊತೆಗಿದ್ದ ಚಿಕ್ಕಮ್ಮ ಬಿಡುತ್ತಾಳೆಯೇ?

"ನಿನ್ನ ಚಡಪಡಿಕೆ ಪುಸ್ತಕಕ್ಕೋ, ಬೈಂಡರ್‌ಗೋ?"

"ಸುಮ್ನಿರು ಚಿಕ್ಕಮ್ಮ!"

ಅಕ್ಷರ ಅಳಿಸಿದವನ ಮುಖವೇಕೆ ಮನಸ್ಸಿನಿಂದ ಅಳಿಯುತ್ತಿಲ್ಲ? ತನ್ನ ಮೇಲೆಯೇ ಸಿಟ್ಟು ಬಂತು.

ನಾಲ್ಕನೆಯ ಶನಿವಾರ ಅವನು ಒಳಗೆ ಕೈ ತೊಳೆಯುತ್ತಿದ್ದಾಗ ಅವಳು ಅವನ ನೋಟ್‌ಬುಕ್ ತೆರೆದಳು. ಕೊನೆಯ ಪುಟದ ಮಾತು ಅದರಲ್ಲಿತ್ತು! ಬರೆದ ತಾರೀಖು ಮೂರು ವಾರ ಹಿಂದಿನದು.

"ನಮ್ಮಮ್ಮನ ಮಾತನ್ನ ನನ್ನಿಂದಲೇ ಬಚ್ಚಿಟ್ರಾ?"

ಅವನು ಒದ್ದೆ ಕೈಯಲ್ಲೇ ಹೊರಗೆ ಬಂದ. "ತಪ್ಪಾಯ್ತು... ಕೊಟ್ಟುಬಿಟ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು. ನೀವಂದ್ರೆ ನಂಗೆ ತುಂಬಾ ಇಷ್ಟ. ಹೇಳೋ ಧೈರ್ಯ ಇರಲಿಲ್ಲ."

ಅವಳು ಮತ್ತೆ ಆ ಪುಟ ನೋಡಿ ಓದಿದಳು. ಪುಸ್ತಕದ ಕೊನೆಯ ಸಾಲು: 'ಈ ನಿಯಮಗಳನ್ನು ಹೆಣ್ಣುಮಕ್ಕಳಿಗೂ ಕಲಿಸಿರಿ.' ಅದರ ಪಕ್ಕದಲ್ಲಿ ಅಮ್ಮ: 'ಕಲಿಸುವುದಿಲ್ಲ. ನನ್ನ ಮಗಳು ತನಗೆ ತೋಚಿದಂತೆ ಬಾಳಲಿ.'

ಬಿಕ್ಕಿ ಬಿಕ್ಕಿ ಅತ್ತಳು. ಬಾಗಿಲವರೆಗೆ ಹೋದಳು. ತಿರುಗಿ ಬಂದಳು.

"ಇನ್ನೊಂದ್ಸಲ ಏನಾದ್ರೂ ಬಚ್ಚಿಟ್ರೆ ಈ ಕಡೆ ತಲೆ ಹಾಕಿಯೂ ಮಲಗಲ್ಲ."

"ಅಂದ್ರೆ... ಬರ್ತೀರಾ?"

"ನಾಳೇನೇ ಬರ್ತೀನಿ. ಪುಸ್ತಕ ಇವತ್ತೇ ಒಯ್ತೀನಿ, ನಾಳೆ ತರಲ್ಲ."

"ಮತ್ತೆ?"

"ನಾನೊಬ್ಬಳೇ ಬಂದ್ರೆ ಸಾಲದಾ?"

"ಸಾಕು," ಎಂದ ಅವನು. "ಅಷ್ಟೇ ಬೇಕಾಗಿದ್ದು."