ಗುಡುಗಕ್ಕ ಹೆದರಿದ ಪುಟ

"ನನ್ನ ಕಥೆಯ ಒಂದಕ್ಷರ ಅಲುಗಾಡಿದ್ರೂ ನಾನು ಸುಮ್ಮನಿರಲ್ಲ!"

ಪ್ರಕಾಶನದ ಕಚೇರಿಯಲ್ಲಿ ಚಿತ್ರಕಾರನನ್ನು ಕಂಡ ಮೊದಲ ದಿನವೇ ಅವಳು ಹೀಗೆ ಎಗರಿಬಿದ್ದಿದ್ದಳು. ಆತ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಕಿದ್ದ. ಆ ನಗು ಎದೆಗೆ ತಾಕಿದ್ದೇ ಅವಳ ಅನುಮಾನಕ್ಕೆ ಮೊದಲ ಕಾರಣ!

ಪಾಪ, ಅವಳದೂ ತಪ್ಪಲ್ಲ. ಮಕ್ಕಳೆಲ್ಲ ಮುಗಿಬಿದ್ದು ನೋಡಿದ 'ಗುಡುಗಕ್ಕ' ಎಂಬ ಸೂಪರ್ ಹೀರೋ ಸರಣಿಯನ್ನು ಟೀವಿಗೆ ಬರೆದವಳು ಅವಳು. ತೆರೆಯ ಮೇಲೆ ಮೆರೆದದ್ದು ಮಾತ್ರ ನಿರ್ದೇಶಕನ ಹೆಸರು. ಈಗ ಅದೇ ಕಥೆ ಕಾಮಿಕ್ಸ್ ಪುಸ್ತಕವಾಗುತ್ತಿತ್ತು. ಇದೂ ಕೈತಪ್ಪಿದರೆ ಗುಡುಗಕ್ಕ ತನ್ನವಳು ಎಂದು ಹೇಳಿಕೊಳ್ಳಲು ಅವಳಿಗೆ ಬೇರೆ ದಾರಿಯೇ ಇರಲಿಲ್ಲ.

ಅಂಥದ್ದರಲ್ಲಿ ಚಿತ್ರಕಾರ ದಿನಾ ಮಧ್ಯಾಹ್ನ ಮಾಯವಾಗತೊಡಗಿದ. ಕೇಳಿದರೆ, "ಇಲ್ಲೇ, ಸ್ವಲ್ಪ ಕೆಲಸ..." ಎಂದು ಜಾರಿಕೊಳ್ಳುತ್ತಿದ್ದ.

ಒಂದು ದಿನ ಅವಳು ಹಿಂದೆಯೇ ಹೋದಳು. ಆತ ಹೋಗಿದ್ದು ಅದೇ ನಿರ್ದೇಶಕನ ಸ್ಟುಡಿಯೋಗೆ! ಬಾಗಿಲಲ್ಲೇ ಇಬ್ಬರೂ ಕೈ ಕುಲುಕಿದರು.

'ಇವನೂ ಅವರ ಕಡೆಯವನೇ... ನಾನೆಂಥ ಪೆದ್ದಿ!'

ಮಾರನೆಯ ಬೆಳಿಗ್ಗೆ ಆತನ ಮೇಜಿನ ಮುಂದೆ ನಿಂತಳು. "ನನ್ನ ಕಥೆ ಎಷ್ಟಕ್ಕೆ ಮಾರ್ಕೊಂಡ್ರಿ?"

ಆತ ತಾನು ಚಿತ್ರ ಬರೆದಿದ್ದ ಒಂದು ಪುಟವನ್ನು ಅವಳತ್ತ ಸರಿಸಿದ.

ರಾಕ್ಷಸನನ್ನು ಗೆದ್ದು ಬಂದ ಗುಡುಗಕ್ಕ ಮುಖವಾಡ ಕಳಚಿ ಅಮ್ಮನ ಮಡಿಲಲ್ಲಿ ಬಿದ್ದುಕೊಂಡಿದ್ದಳು. "ಅಮ್ಮಾ, ತುಂಬಾ ಹೆದರಿಕೆ ಆಯ್ತು ಕಣೇ..."

ಅವಳು ಪುಟವನ್ನು ಕೈಗೆತ್ತಿಕೊಂಡಳು.

"ಇದು... ಇದು ಟೀವಿಯಲ್ಲಿ ಬಂದೇ ಇಲ್ಲ! ಹೀರೋ ಹೆದರಬಾರದು ಅಂತ, ಶೂಟ್ ಮಾಡಿದ್ದನ್ನೂ ಕತ್ತರಿಸಿ ಹಾಕಿದ್ರು."

"ಕತ್ತರಿಸಿದ್ದೆಲ್ಲ ಆ ನಿರ್ದೇಶಕರ ಕಂಪ್ಯೂಟರಲ್ಲಿ ಬಿದ್ದಿತ್ತು. ಕೂತು ನೋಡಿದೆ. ನೀವು ಬರೆದದ್ದರಲ್ಲಿ ಚೆನ್ನಾಗಿರೋದೆಲ್ಲ ಅಲ್ಲೇ ಇದೆ."

"ಆ ಮಹಾನುಭಾವರು ಸುಮ್ಮನೆ ತೋರಿಸಿದ್ರಾ?"

"ಎಲ್ಲಿ ಬಂತು! ಅವರ ಹೊಸ ಸರಣಿಗೆ ದಿನಾ ಪುಕ್ಕಟೆ ಚಿತ್ರ ಬರೆದುಕೊಡ್ತಿದ್ದೀನಿ."

"ನನಗ್ಯಾಕೆ ಹೇಳಲಿಲ್ಲ?"

"ಅವರ ಹೆಸರೆತ್ತಿದ್ರೆ ಸಾಕು, ಉರಿದುಬೀಳ್ತೀರಲ್ಲ!"

ಅವಳಿಗೆ ಅಳು ಒತ್ತರಿಸಿ ಬಂತು. ತನ್ನ ಕಥೆಯನ್ನು ಇಷ್ಟು ಅಕ್ಕರೆಯಿಂದ ಯಾರೂ ಹುಡುಕಿರಲಿಲ್ಲ. ಆದರೂ ಹಾಳು ಅನುಮಾನ ಪೂರ್ತಿ ಬಿಡಬೇಕಲ್ಲ!

"ಇದರಿಂದ ನಿಮಗೇನು ಲಾಭ?"

ಆತನ ಮುಖ ಕೆಂಪಾಯಿತು. "ಲಾಭ ಅಂತಲ್ಲ... ನನಗೆ ನಿಮ್ಮ ಮೇಲೆ ಮನಸ್ಸಾಗಿದೆ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನಂಬ್ತಿದ್ರಾ?"

"ಇಲ್ಲ." ಅವಳು ಕಣ್ಣೊರೆಸಿಕೊಂಡು, ಕುರ್ಚಿ ಎಳೆದು ಆತನ ಪಕ್ಕದಲ್ಲೇ ಕೂತಳು. "ಈಗ ಇನ್ನೊಂದ್ಸಲ ಹೇಳಿ."