ಉಲ್ಟಾ ಸಾಕ್ಸ್

“ಸಾಕ್ಸ್ ಉಲ್ಟಾ ಹಾಕ್ಕೊಂಡಿದ್ದೀಯ. ಸರಿ ಮಾಡ್ಕೊ.”

ಪ್ರಾರ್ಥನೆಯ ಸಾಲಿನಲ್ಲಿ ಶಿವಲಿಂಗವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. ದಾಸರಹಳ್ಳಿಯ ಶಾಲೆಯಲ್ಲಿ ಐದನೇ ಕ್ಲಾಸಿಗೆ ಆ ವರ್ಷ, ಅಂದರೆ ಎಂಬತ್ತೆರಡರಲ್ಲಿ, ಅವಳೇ ಲೀಡರ್. ಉಗುರು, ರಿಬ್ಬನ್, ಸಾಕ್ಸ್ ನೋಡುವುದು ಅವಳ ಕೆಲಸ. ಅದರಲ್ಲಿ ಅವಳು ಯಾರನ್ನೂ ಬಿಡುವವಳಲ್ಲ.

ಎದುರಿಗಿದ್ದವಳು ನಜ್ಮುನ್ನೀಸಾ. ಶಾಲೆಗೆ ಸೇರಿ ಹದಿನೈದು ದಿನವಾಗಿತ್ತು. ಅಷ್ಟೂ ದಿನ ಅವಳ ಸಾಕ್ಸಿನ ದಾರದ ತುದಿಗಳು ಹೊರಗೇ ಜೋತಾಡುತ್ತಿದ್ದವು. ಹೊಸಬಳೆಂದು ಶಿವಲಿಂಗವ್ವ ಇಷ್ಟು ದಿನ ಬಿಟ್ಟಿದ್ದಳು. ಡ್ರಿಲ್ಲಿಗೂ ಬರುವುದಿಲ್ಲ, ಕುಂಟಾಬಿಲ್ಲೆಗೂ ಬರುವುದಿಲ್ಲ. ಮಧ್ಯಾಹ್ನವಾದರೆ ಅವಳ ಅಮ್ಮ ಚೀಲ ಹಿಡಿದು ಬರುತ್ತಾರೆ. ಗೌರಮ್ಮ ಮಿಸ್ ಇಬ್ಬರನ್ನೂ ಆಫೀಸಿನ ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಳ್ಳುತ್ತಾರೆ. ಏನೋ ತಿಂಡಿ ತಂದುಕೊಟ್ಟು ಮಿಸ್‌ನ ಒಲಿಸಿಕೊಂಡಿದ್ದಾರೆ ಎಂದು ಶಿವಲಿಂಗವ್ವನಿಗೆ ಗುಮಾನಿ.

“ಅಮ್ಮಿ ಹಿಂಗೇ ಹಾಕ್ಕೊ ಅಂದಿದ್ದಾರೆ” ಎಂದಳು ನಜ್ಮುನ್ನೀಸಾ.

“ರೂಲ್ಸ್ ಎಲ್ರಿಗೂ ಒಂದೇ. ಇಲ್ಲಾಂದ್ರೆ ಹೆಸರು ಬರೀತೀನಿ.”

ನಜ್ಮುನ್ನೀಸಾ ಮೆಟ್ಟಿಲ ಮೇಲೆ ಕೂತು, ಶೂ ಬಿಚ್ಚಿ, ನಿಧಾನವಾಗಿ ಸಾಕ್ಸ್ ತಿರುಗಿಸಿ ಹಾಕಿಕೊಂಡಳು. ಗೆದ್ದೆ ಅನ್ನಿಸಿತು ಶಿವಲಿಂಗವ್ವನಿಗೆ.

ಅಷ್ಟಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ. ಮಧ್ಯಾಹ್ನ ಗಂಟೆ ಹೊಡೆದದ್ದೇ ಆ ಕೋಣೆಯ ಕಿಟಕಿಯ ಹಿಂದೆ ಹೋಗಿ ನಿಂತು ಇಣುಕಿದಳು.

ಚೀಲದಿಂದ ತಿಂಡಿ ಬರಲಿಲ್ಲ. ಕುದಿಸಿ ತಂದ ಸೂಜಿ, ಮುಲಾಮು, ಒಗೆದು ಒಗೆದು ಮೆತ್ತಗಾದ ಬಿಳಿ ಬಟ್ಟೆಯ ಪಟ್ಟಿಗಳು ಬಂದವು. ಅಮ್ಮಿ ಸಾಕ್ಸನ್ನು ಚೂರುಚೂರೇ ಸರಿಸಿ ತೆಗೆದರು. ಬೆರಳುಗಳ ಮೇಲೆ ಸಾಕ್ಸಿನ ಹೊಲಿಗೆ ಹಾಯ್ದಿದ್ದ ಕಡೆಯೇ ಸಾಲಾಗಿ ನೀರುಗುಳ್ಳೆ ಎದ್ದಿದ್ದವು.

ಹುಟ್ಟಿದಾಗಿನಿಂದ ಇವಳ ಚರ್ಮವೇ ಹೀಗೆ, ಒಂದಿಷ್ಟು ಉಜ್ಜಿದರೂ ಗುಳ್ಳೆ ಏಳುತ್ತದೆ, ಹೊಲಿಗೆ ತಾಗಬಾರದೆಂದೇ ಉಲ್ಟಾ ಹಾಕಿ ಕಳಿಸುತ್ತೇನೆ ಎಂದು ಅಮ್ಮಿ ಮಿಸ್‌ಗೆ ಮತ್ತೊಮ್ಮೆ ಹೇಳುತ್ತಿದ್ದರು. ಹೇಳುತ್ತಲೇ ಗುಳ್ಳೆಯ ಅಂಚಿಗೆ ಸೂಜಿ ತಾಗಿಸಿ ನೀರು ಬಸಿದರು. ಮೇಲಿನ ಸಿಪ್ಪೆಯನ್ನು ಮಾತ್ರ ಕೀಳಲಿಲ್ಲ. ನಜ್ಮುನ್ನೀಸಾ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಇವತ್ತು ಯಾರು ಸಾಕ್ಸ್ ತಿರುಗಿಸಿ ಹಾಕಿದ್ದು?” ಎಂದು ಗೌರಮ್ಮ ಮಿಸ್ ಕೇಳಿದರು.

ಶಿವಲಿಂಗವ್ವ ಕಿಟಕಿಯ ಕೆಳಗೆ ತಲೆ ತಗ್ಗಿಸಿದಳು.

“ನಾನೇ ಮಿಸ್. ಮರ್ತುಬಿಟ್ಟೆ” ಎಂದಳು ನಜ್ಮುನ್ನೀಸಾ.

ಶಿವಲಿಂಗವ್ವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಸಂಜೆ ಮನೆಯಲ್ಲಿ ತನ್ನ ಸಾಕ್ಸಿನೊಳಗೆ ಕೈ ಹಾಕಿ ನೋಡಿದಳು. ತುದಿಯಲ್ಲಿ ಹೊಲಿಗೆ ಒರಟಾಗಿ ತಗುಲಿತು. ಇಷ್ಟು ದಿನ ಅದು ಅಲ್ಲಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ನಜ್ಮುನ್ನೀಸಾ ಶಾಲೆಗೆ ಬಂದಳು. ಸಾಲಿನಲ್ಲಿ ಅವಳ ಹಿಂದಿದ್ದ ನೀಲಾ ಲೀಡರನ್ನು ಕರೆದು, “ನೋಡೇ, ಇವಳ ಸಾಕ್ಸ್ ಮತ್ತೆ ಉಲ್ಟಾ” ಎಂದಳು.

ಶಿವಲಿಂಗವ್ವ ಬಗ್ಗಿ ನೋಡಿದಳು. ದಾರದ ತುದಿಗಳು ಹೊರಗಿದ್ದವು.

“ಸರಿಯಾಗೇ ಇದೆ” ಎಂದು ಹೇಳಿ, ನೀಲಾಳ ಉಗುರು ನೋಡತೊಡಗಿದಳು.