ದೊರೆಯ ಬೆನ್ನ ಮೇಲಿನ ಚೀಟಿ

"ನೀನು ಔಟ್," ಎಂದಳು ಚೋಟಿ. "ಬಾವುಟ ಕೆಳಗಿಡು."

ಬುಡ್ಡಿ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡ. ಅದರ ಗಾಜು ಸೋಡಾಬುಡ್ಡಿಯಷ್ಟು ದಪ್ಪ, ಅದಕ್ಕೇ ಅವನಿಗೆ ಆ ಹೆಸರು. "ನಾನೇನು ತಪ್ಪು ಹೇಳ್ದೆ? ಹತ್ತು ವರ್ಷ ಬಾವುಟ ಹೊತ್ತವನನ್ನ ದೊರೆ ಸೇತುವೆಯಿಂದ ತಳ್ಳಿಬಿಟ್ರೆ, ಆಮೇಲೆ ಬಾವುಟ ಹೊರೋರು ಯಾರು ಅಂತ ಕೇಳ್ದೆ, ಅಷ್ಟೆ."

"ದೊರೆಗೆ ಬುದ್ಧಿ ಹೇಳೋರು ಸೇನೇಲಿ ಇರಂಗಿಲ್ಲ. ಹೇಳಿದ್ರೆ ಔಟ್. ದೊರೆಗೆ ಫ್ರೆಂಡ್ಸೂ ಇರಲ್ಲ."

ಐದನೇ ಕ್ಲಾಸಿನ ಸೈನಿಕರೆಲ್ಲ ಚಪ್ಪಾಳೆ ತಟ್ಟಿದರು. ಬುಡ್ಡಿ ಬಾವುಟವನ್ನು ಬೆಂಚಿಗೆ ಒರಗಿಸಿ, ಬ್ಯಾಗನ್ನು ಹೆಗಲಿಗೇರಿಸಿಕೊಂಡ. ಒಂದನೇ ಕ್ಲಾಸಿನಿಂದಲೂ ಅವರಿಬ್ಬರು ಒಟ್ಟಿಗೇ ಮನೆಗೆ ಹೋಗುತ್ತಿದ್ದರು. ಅವತ್ತು ಅವನು ಒಬ್ಬನೇ ಹೋದ.

ಇದಕ್ಕೆಲ್ಲ ಕಾರಣ ಒಂದು ಪುಸ್ತಕ. ಇಟ್ಟಿಗೆಯಷ್ಟು ದಪ್ಪ, ಆರುನೂರು ಪುಟ. ಅದರ ನಾಯಕ ಕರಿಮೋಡದ ದೊರೆ. ಅವನನ್ನು ನಾಯಕ ಎನ್ನಲು ನಾಲಿಗೆಯೇ ಏಳುವುದಿಲ್ಲ. ಮೊದಲ ನೂರು ಪುಟಗಳಲ್ಲೇ ಒಂಬತ್ತು ಊರು ಸುಟ್ಟು, ಸ್ವಂತ ಅಣ್ಣನನ್ನು ಸೆರೆಗೆ ತಳ್ಳಿದ ಮಹಾನುಭಾವ. ಅಳುವುದಿಲ್ಲ, ನಗುವುದಿಲ್ಲ, ಆಗಾಗ ಒಂದು ಹುಬ್ಬನ್ನು ಮಾತ್ರ ಏರಿಸುತ್ತಾನೆ. ಅಷ್ಟಕ್ಕೇ ಎಲ್ಲರೂ ಗಡಗಡ.

ಪುಸ್ತಕದಲ್ಲಿ ಒಳ್ಳೆಯವರೂ ಇದ್ದರು. ಆದರೆ ಅವರು ಬಾಯಿ ತೆರೆದರೆ ಬರೀ ಭಾಷಣ. ಹಾಗಾಗಿ ಇಡೀ ಕ್ಲಾಸು ದೊರೆಯ ಹಿಂದೆ ಬಿದ್ದಿತ್ತು, ವಾರ್ಷಿಕೋತ್ಸವದ ನಾಟಕಕ್ಕೂ ಅದೇ ಕತೆ, ದೊರೆಯ ಪಾತ್ರ ಚೋಟಿಯದು. ಚೋಟಿಗಂತೂ ಅವನ ಹುಚ್ಚೇ ಹಿಡಿದಿತ್ತು. ಅವಳು ಕ್ಲಾಸಿಗೆಲ್ಲ ಕುಳ್ಳಿ. ಬಸ್ಸಿನಲ್ಲಿ ಗುರುತಿಲ್ಲದವರೂ ಅವಳ ತಲೆ ಸವರಿ "ಎಷ್ಟನೇ ಕ್ಲಾಸು ಪುಟ್ಟಿ, ಎರಡನೇದಾ?" ಎನ್ನುತ್ತಿದ್ದರು. ದೊರೆಯ ತಲೆ ಸವರುವ ಧೈರ್ಯ ಯಾರಿಗಿದೆ?

ಅವಳ ಮನೆಯ ಮುಂದಿನ ಕೋಣೆಯೇ ಅಜ್ಜಿಯ ಇಸ್ತ್ರಿ ಅಂಗಡಿ. ಚೋಟಿ ಒಂದು ಕಪ್ಪು ಪರದೆಯನ್ನು ತಂದು ಮೇಜಿನ ಮೇಲೆ ಹಾಕಿದಳು. "ಅಜ್ಜಿ, ಇದು ದೊರೆಯ ನಿಲುವಂಗಿ. ಒಂದು ಸುಕ್ಕೂ ಇರಬಾರದು."

ಅಜ್ಜಿ ನೀರು ಚಿಮುಕಿಸಿದಳು. "ಏನಂತೆ ನಿಮ್ಮ ದೊರೆಯ ಘನಕಾರ್ಯ?"

ಚೋಟಿ ಒಂಬತ್ತು ಊರುಗಳ ಕತೆ ಹೇಳಿದಳು.

"ಅಷ್ಟು ಹೊಗೇಲಿ ನಿಂತು ಒಂದು ಸಲನೂ ಕೆಮ್ಮಲಿಲ್ವಾ?"

"ಇಲ್ಲ."

"ಬಟ್ಟೆ ಯಾರು ಒಗೀತಾರೆ? ಮಸಿ ಹೋಗೋಕೆ ಮೂರು ಸಲ ನೆನೆಸ್ಬೇಕು."

"ಅದೆಲ್ಲ ಪುಸ್ತಕದಲ್ಲಿ ಬರಲ್ಲ ಅಜ್ಜಿ."

"ಹೇಗೆ ಬರುತ್ತೆ? ಬಂದ್ರೆ ಅವನ ಬಂಡವಾಳ ಬಯಲಾಗುತ್ತಲ್ಲ."

ಚೋಟಿ ಒಂದು ಹುಬ್ಬೇರಿಸಿ ಒಳಗೆ ನಡೆದಳು.

ಅಜ್ಜಿಯ ಮೇಜಿಗೆ ಬಂದ ಬಟ್ಟೆ ಯಾರದೇ ಆಗಿರಲಿ, ಅದಕ್ಕೊಂದು ಚೀಟಿ ಚುಚ್ಚಲೇಬೇಕು. ಬಟ್ಟೆ ಯಾವುದು, ಎಷ್ಟು, ಮೊದಲೇ ಹರಿದಿತ್ತೇ, ಎಲ್ಲವೂ ಅದರಲ್ಲಿರುತ್ತದೆ. ಆಮೇಲೆ ಯಾರೂ ಬಂದು ಅಜ್ಜಿಯ ಮೇಲೆ ಗೂಬೆ ಕೂರಿಸಬಾರದು ನೋಡಿ. ಕಣ್ಣು ಮಂಜಾದ ಮೇಲಂತೂ ಅವಳು ಅರ್ಧ ಹಾಳೆ ಹರಿದು, ದಪ್ಪ ಮಾರ್ಕರಿನಲ್ಲಿ ಬರೆಯುತ್ತಿದ್ದಳು. ಕೈಗೆ ಅದೇ ರೂಢಿ. ಮೊಮ್ಮಗಳ ಪರದೆಗೂ ಒಂದು ಚೀಟಿ ಬಿತ್ತು.

ಮರುದಿನ ಚಿಕ್ಕ ಕ್ಲಾಸುಗಳ ಮುಂದೆ ಕೊನೆಯ ಪ್ರಾಕ್ಟೀಸು. ಚೋಟಿ ಶಾಲೆಯ ಗೇಟಿನಲ್ಲೇ ಮಡಿಕೆ ಬಿಡಿಸಿ, ನಿಲುವಂಗಿ ಹೊದ್ದು, ಕಾರಿಡಾರಿನ ಉದ್ದಕ್ಕೂ ಎದೆಯುಬ್ಬಿಸಿ ನಡೆದಳು. ಅವಳ ಬೆನ್ನು ಅವಳಿಗೆ ಕಾಣಬೇಕಲ್ಲ. ಅಲ್ಲಿದ್ದ ಚೀಟಿ ಹಿಂದೆ ಬರುತ್ತಿದ್ದ ಸೈನಿಕರಿಗೆ ಕಂಡಿತು. ಹೊಸದಾಗಿ ಬಾವುಟ ಹಿಡಿದ ಲಂಬು ಬಾಯಿ ತೆರೆದ, ನಿನ್ನೆಯದು ನೆನಪಾಗಿ ಮುಚ್ಚಿಕೊಂಡ.

ಸೇತುವೆಯ ದೃಶ್ಯ ಬಂತು. ದೊರೆ ಸಭೆಗೆ ಬೆನ್ನು ಹಾಕಿ ಬಾವುಟದವನನ್ನು ತಳ್ಳಿದ. ಲಂಬು ಹಾಸಿಗೆಯ ಮೇಲೆ ಬಿದ್ದು ಸತ್ತ. ಹಾಲ್ ನಿಶ್ಶಬ್ದವಾಯಿತು.

ಆಗ ಮುಂದಿನ ಸಾಲಿನಿಂದ, ಈಚೆಗಷ್ಟೇ ಓದಲು ಕಲಿತ ಮಗುವೊಂದು ಗಟ್ಟಿಯಾಗಿ ಓದಿತು. "ಹ-ಳೇ ಪ-ರ-ದೆ ಒಂ-ದು. ಕ-ಲೆ ಇ-ದೆ. ಹೋ-ಗ-ಲ್ಲ."

ಹಾಲ್ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ತನ್ನನ್ನೇ ಮೆಚ್ಚಿ ನಗುತ್ತಿದ್ದಾರೆಂದುಕೊಂಡು ದೊರೆ ತಿರುಗಿ ಹುಬ್ಬೇರಿಸಿದ. ಸತ್ತಿದ್ದ ಲಂಬುವೂ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದ.

ವೇದಿಕೆಯ ಪರದೆ ಎಳೆದ ಮೇಲೆ ಚೋಟಿ ನಿಲುವಂಗಿ ಬಿಚ್ಚಿ, ಚೀಟಿಯನ್ನು ಕಿತ್ತು ಓದಿದಳು. "ಯಾರೂ ನೋಡ್ಲಿಲ್ವಾ?"

"ನೋಡಿದ್ವಿ," ಎಂದ ಲಂಬು.

"ಮತ್ತೆ ಹೇಳೋಕೇನಾಗಿತ್ತು?"

"ಹೇಳಿದ್ರೆ ಔಟ್ ಅಂದಿದ್ದೆಯಲ್ಲ."

ಹದಿನೈದು ಜನರ ಸೇನೆ. ಎಲ್ಲರೂ ನೆಲ ನೋಡುತ್ತ ನಿಂತಿದ್ದರು. ಅವರಲ್ಲಿ ಇಬ್ಬರು ಇನ್ನೂ ನಗು ತಡೆದುಕೊಳ್ಳುತ್ತಿದ್ದರು.

ಬುಡ್ಡಿ ಹೊರಗೆ ನಲ್ಲಿಯ ಹತ್ತಿರ ಕನ್ನಡಕ ತೊಳೆಯುತ್ತಿದ್ದ. ಚೋಟಿ ಅಲ್ಲಿಗೆ ಹೋದಳು. "ನೀನೂ ನೋಡಿದ್ಯಾ?"

"ಬೆಳಿಗ್ಗೆನೇ. ಕಾರಿಡಾರ್‌ನಲ್ಲಿ."

"ನೀನು ಯಾವಾಗ್ಲೂ ಹೇಳ್ತಿದ್ದೆ. ಬಟನ್ ತಪ್ಪಾಗಿ ಹಾಕಿದ್ರೂ ಹೇಳ್ತಿದ್ದೆ."

"ಆಗ ಫ್ರೆಂಡ್ ಆಗಿದ್ದೆ," ಎಂದ ಬುಡ್ಡಿ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಚೋಟಿಗೆ ಎಷ್ಟೋ ವಾಸಿಯಿತ್ತು.

"ಸಾರಿ," ಎಂದಳು. ನಲ್ಲಿಯ ಸದ್ದಿನಲ್ಲಿ ಅದು ತನಗೇ ಕೇಳಿಸಲಿಲ್ಲ. ನಲ್ಲಿ ನಿಲ್ಲಿಸಿ ಮತ್ತೊಮ್ಮೆ ಹೇಳಿದಳು. "ಸಾರಿ ಕಣೋ. ನಾಳೆ ಬಾವುಟ ನೀನೇ ಹಿಡಿ."

ಬುಡ್ಡಿ ಕನ್ನಡಕ ಒರೆಸಿ ಹಾಕಿಕೊಂಡ. ಬ್ಯಾಗ್ ಎತ್ತಿಕೊಂಡು ಗೇಟಿನ ಕಡೆ ನಡೆದ.

ಚೋಟಿ ಪರದೆಯನ್ನು ಮುದುರಿ ಕಂಕುಳಲ್ಲಿ ಇಟ್ಟುಕೊಂಡು ಅವನ ಹಿಂದೆಯೇ ಹೊರಟಳು. ಅವನು ಬೇಡ ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಬೀದಿಯ ತಿರುವಿನ ತನಕ ಅವಳು ನಾಲ್ಕು ಹೆಜ್ಜೆ ಹಿಂದೆಯೇ ಇದ್ದಳು. ಹೀಗೆ ಇನ್ನೆಷ್ಟು ದಿನ ನಡೆಯಬೇಕೋ, ಅದನ್ನು ಹೇಳಬೇಕಾದವಳು ತಾನಲ್ಲ ಎಂದು ಅವಳಿಗೆ ಗೊತ್ತಾಯಿತು.